ನೋಟ್ಸ್ ಮುಚ್ಚಿ ಹೇಳು

2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್-19 ಅನ್ನು ಜಾಗತಿಕ ಪಿಡುಗು ಎಂದು ಕರೆದಾಗ ನಾನು ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದೆ. ಕೆಲವೇ ದಿನಗಳಲ್ಲಿ ತರಗತಿಗಳೆಲ್ಲ ಜೂಮ್‌ಗೆ ಬಂದವು. ಪಾಠ ಹೇಗೂ ರೆಕಾರ್ಡ್ ಆಗುತ್ತದೆ, ಅರ್ಥವಾಗದಿದ್ದರೆ ಮತ್ತೆ ನೋಡಿಕೊಂಡರಾಯಿತು ಎಂಬ ಧೈರ್ಯ ನನಗೆ. ಆ ಧೈರ್ಯವೇ ಮುಳುವಾಯಿತು. ‘ಆಮೇಲೆ ನೋಡೋಣ’ ಎಂದು ಬಿಟ್ಟ ಪಾಠಗಳು ಒಂದೇ ತಿಂಗಳಲ್ಲಿ 17 ಆದವು. ಒಂದು ಗಂಟೆಯ ಪಾಠವನ್ನು ನಿಲ್ಲಿಸಿ ನಿಲ್ಲಿಸಿ ನೋಡಲು ಎರಡು ಗಂಟೆ ಬೇಕು. ಅಷ್ಟರಲ್ಲಿ ಮುಂದಿನ ಪಾಠ ಬಂದು ಕೂತಿರುತ್ತಿತ್ತು.

ಒಂದು ಸಂಜೆ ಗೆಳತಿ ಫೋನ್ ಮಾಡಿದಳು. ಅವಳಿದ್ದಲ್ಲಿ ನೆಟ್‌ವರ್ಕ್ ಸರಿಯಿರಲಿಲ್ಲ. “ಇವತ್ತಿನ ಬೇಯ್ಸ್ ಪ್ರಮೇಯ ಅರ್ಧ ಕೇಳಿಸಲೇ ಇಲ್ಲ ಕಣೇ, ಸ್ವಲ್ಪ ಹೇಳ್ತೀಯಾ?” ಹೊಸ ಸುಳಿವು ಸಿಕ್ಕಾಗ ಒಂದು ಸಂಗತಿಯ ಸಾಧ್ಯತೆ ಎಷ್ಟು ಬದಲಾಗುತ್ತದೆ ಎಂದು ಲೆಕ್ಕ ಹಾಕುವ ನಿಯಮ ಅದು. ನಾನು ನೋಟ್ಸ್ ತೆರೆದು ಸೂತ್ರ ಓದಿದೆ. “ಸೂತ್ರ ನನ್ನ ಹತ್ರಾನೂ ಇದೆ. ಅದು ಯಾಕೆ ಹಾಗೆ ಅಂತ ಹೇಳು” ಅಂದಳು. ನನ್ನ ಬಾಯಿ ಕಟ್ಟಿತು. ಇಡೀ ಪಾಠ ಕೇಳಿದ್ದೆ, ಒಂದು ನಿಮಿಷವೂ ತಪ್ಪಿಸಿರಲಿಲ್ಲ.

ಕೊನೆಗೆ ಸೂತ್ರ ಬಿಟ್ಟು ತಲೆ ಎಣಿಸಿದೆವು. 10,000 ಜನರಲ್ಲಿ 100 ಮಂದಿಗೆ ರೋಗವಿದೆ ಅಂದುಕೊಳ್ಳೋಣ. ಪರೀಕ್ಷೆ ನೂರು ರೋಗಿಗಳಲ್ಲಿ 90 ಮಂದಿಯನ್ನು ಪತ್ತೆಹಚ್ಚುತ್ತದೆ. ರೋಗವಿಲ್ಲದವರು 9,900, ಅವರಲ್ಲಿ ನೂರಕ್ಕೆ 5 ಮಂದಿಗೆ ತಪ್ಪಾಗಿ ಪಾಸಿಟಿವ್ ಬಂದರೆ 495. ಒಟ್ಟು ಪಾಸಿಟಿವ್ 585, ನಿಜವಾಗಿ ರೋಗವಿರುವುದು 90 ಮಂದಿಗೆ. ಅಂದರೆ ಪಾಸಿಟಿವ್ ಬಂದ ನೂರರಲ್ಲಿ ಸುಮಾರು 15 ಮಂದಿಗೆ ಮಾತ್ರ! ತಪ್ಪಿರಬೇಕೆಂದು ಇಬ್ಬರೂ ಮತ್ತೆ ಲೆಕ್ಕ ಹಾಕಿದೆವು. ತಪ್ಪಿರಲಿಲ್ಲ. ಆ ಸೂತ್ರ ಇವತ್ತಿಗೂ ನನಗೆ ಮರೆತಿಲ್ಲ.

ಅಲ್ಲಿಂದ ಅದನ್ನೇ ರೂಢಿ ಮಾಡಿಕೊಂಡೆವು. ಪಾಠವಾದ ದಿನವೇ 20 ನಿಮಿಷ ಫೋನ್, ನೋಟ್ಸ್ ಮುಚ್ಚಿ. ಒಂದು ದಿನ ಅವಳು ಹೇಳಬೇಕು, ಮರುದಿನ ನಾನು. ತಡವರಿಸಿದ ಜಾಗಕ್ಕೆ ಗುರುತು ಹಾಕಿ, ರೆಕಾರ್ಡಿಂಗ್‌ನಲ್ಲಿ ಅಷ್ಟನ್ನು ಮಾತ್ರ ನೋಡುವುದು. ಹಳೆಯ 17 ಪಾಠಗಳೂ ಹೀಗೆಯೇ ಕರಗಿದವು. ಮತ್ತೆ ಮತ್ತೆ ಓದಿದವರಿಗಿಂತ ನೋಡದೆ ನೆನಪಿಸಿಕೊಂಡವರಿಗೆ ವಾರದ ನಂತರ ಹೆಚ್ಚು ನೆನಪಿರುತ್ತದೆ ಎಂದು ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದರಂತೆ. ನನಗೆ ಗೊತ್ತಾದದ್ದು ಆಮೇಲೆ.

ಇನ್ನೊಂದು ಸಣ್ಣ ಬದಲಾವಣೆ: ಪರದೆಯಲ್ಲಿ ನನ್ನ ಮುಖ ನನಗೇ ಕಾಣದಂತೆ ಮಾಡಿಕೊಂಡೆ. ಸಂಜೆಯ ತಲೆಭಾರ ಎಷ್ಟೋ ಇಳಿಯಿತು.

ಆದರೆ ಕ್ಯಾಮೆರಾದ ನಿಯಮ ಮಾತ್ರ ನನಗೆ ಇವತ್ತಿಗೂ ನೋವು ಕೊಡುತ್ತದೆ. ವಿಡಿಯೊ ಹಾಕದವರಿಗೆ ಹಾಜರಿ ಇಲ್ಲ ಎಂದಿದ್ದರು. ವಿಡಿಯೊ ಹಾಕಿದರೆ ಗೆಳತಿಗೆ ದನಿಯೂ ಕಡಿದುಹೋಗುತ್ತಿತ್ತು. ನನಗಿಂತ ಚೆನ್ನಾಗಿ ಪಾಠ ಒಪ್ಪಿಸುತ್ತಿದ್ದವಳ ಹೆಸರಿನ ಮುಂದೆ ಗೈರುಹಾಜರಿ! ನಾವಿಬ್ಬರೂ ಸೇರಿ ಅಧ್ಯಾಪಕರಿಗೆ ಇಮೇಲ್ ಬರೆದೆವು: ಹಾಜರಿಗೆ ವಿಡಿಯೊ ಬದಲು ಪಾಠದ ಕೊನೆಗೆ ಒಂದು ಪ್ರಶ್ನೆ ಕೇಳಿ, ಸ್ಲೈಡ್‌ಗಳನ್ನು ಹಿಂದಿನ ರಾತ್ರಿಯೇ ಕಳಿಸಿ ಎಂದು. ಮೂರು ದಿನದ ಮೇಲೆ ಅವರು ಒಪ್ಪಿದರು. ಆಮೇಲೆ ಅವಳು ವಿಡಿಯೊ ಮುಚ್ಚಿ, ದನಿಯನ್ನಷ್ಟೇ ಕೇಳುತ್ತ ಸ್ಲೈಡ್ ತಿರುವಿಕೊಳ್ಳುತ್ತಿದ್ದಳು. ಸಂಜೆ ಫೋನಿನಲ್ಲಿ ನನ್ನ ಸರದಿಯನ್ನೂ ಕೇಳಿ ತೆಗೆದುಕೊಂಡು ತಾನೇ ಶುರುಮಾಡುತ್ತಿದ್ದಳು.