'ಚೆನ್ನಾಗಿದ್ದೀನಿ ಕಣವ್ವ' ಅನ್ನುವವರ ಸುಸ್ತು ಅಳೆದದ್ದು

ಮಂಡ್ಯದ ಒಂದು ನರ್ಸಿಂಗ್ ಹೋಮಿನಲ್ಲಿ ಹಾರ್ಟ್ ಫೇಲ್ಯೂರ್, ಅಂದರೆ ಹೃದಯ ಸೋತು ರಕ್ತ ಸರಿಯಾಗಿ ಪಂಪ್ ಆಗದ ಕಾಯಿಲೆಯ ಓಪಿಡಿ ನೋಡಿಕೊಳ್ಳುವ ನರ್ಸ್ ನಾನು. ಕೆಸಿಸಿಕ್ಯೂ-12 ಅಂದರೆ ಈ ಕಾಯಿಲೆಯವರ ಸುಸ್ತು, ಏದುಸಿರು, ದಿನದ ಕೆಲಸದ ಬಗ್ಗೆ ಹನ್ನೆರಡು ಪ್ರಶ್ನೆ ಕೇಳಿ ನೂರಕ್ಕೆ ಸ್ಕೋರ್ ಕೊಡುವ ಫಾರಂ; ಸ್ಕೋರ್ ಜಾಸ್ತಿ ಇದ್ದಷ್ಟೂ ಒಳ್ಳೆಯದು. ಮೂರು ವರ್ಷದ ಹಿಂದೆ ಅದನ್ನು ಶುರು ಮಾಡಿದಾಗ, "ಎಕೋ ಇದೆ, ಇಸಿಜಿ ಇದೆ. ಪ್ರಶ್ನೆ ಕೇಳ್ಕೊಂಡು ಕೂತ್ರೆ ಕ್ಯೂ ಕರಗೋದು ಯಾವಾಗ?" ಎಂದವರೇ ಜಾಸ್ತಿ. ಈಗ ಫೈಲ್ ತೆರೆದ ಕೂಡಲೇ ಡಾಕ್ಟ್ರು ಕೇಳುವುದು, "ಸಿಸ್ಟರ್, ಸ್ಕೋರ್ ಎಷ್ಟು?"

ಮೊದಲ ತಪ್ಪು ನನ್ನದೇ. ಫಾರಂ ಅನ್ನು ನಾನೇ ಕನ್ನಡಕ್ಕೆ ಮಾಡಿ ಇನ್ನೂರು ಜೆರಾಕ್ಸ್ ಹೊಡೆಸಿದೆ. ಫಾರಂ ಅಮೆರಿಕದ್ದು, ಅಲ್ಲಿ ಬ್ಲಾಕ್ ಅಂದರೆ ಒಂದು ಅಡ್ಡರಸ್ತೆಯಿಂದ ಇನ್ನೊಂದರವರೆಗಿನ ದೂರ. ಇಲ್ಲಿ 'ಒಂದು ಬ್ಲಾಕ್ ನಡೆಯುವುದು' ಅಂದರೆ "ಯಾವ ಬ್ಲಾಕಮ್ಮ?" ಎಂದರು. ಆಮೇಲೆ ಗೊತ್ತಾಯಿತು, ಅನುಮತಿ ಇಲ್ಲದೆ ಅದನ್ನು ಬಳಸುವಂತಿಲ್ಲ, ಮಾತು ಬದಲಿಸಿದರೆ ಸ್ಕೋರಿಗೆ ಬೆಲೆಯೂ ಇಲ್ಲ. ಎಲ್ಲ ಹರಿದು ಹಾಕಿದೆ. ಕಾಗದ ಪತ್ರ ಮುಗಿಸಿ ಸರಿಯಾದ ಪ್ರತಿ ಕೈಗೆ ಬರಲು ಎರಡು ತಿಂಗಳಾಯಿತು.

ಎರಡನೇ ಸಲ ಕಾಯುವ ಜಾಗದಲ್ಲಿ ಫಾರಂ ಕೊಟ್ಟೆ. ಜೊತೆಗೆ ಬಂದ ಮಕ್ಕಳೇ ಟಿಕ್ ಹಾಕಿ ವಾಪಸ್ ಕೊಟ್ಟರು. ಈಗ ಡಾಕ್ಟ್ರನ್ನು ನೋಡುವ ಮೊದಲೇ ಒಳಗೆ ಕೂರಿಸಿ, ಜೊತೆಯವರನ್ನು ಹೊರಗಿಟ್ಟು, ನಾನೇ ಓದುತ್ತೇನೆ. ಐದಾರು ನಿಮಿಷ ಸಾಕು. 'ಕಳೆದ ಎರಡು ವಾರ' ಎಂದರೆ ಯಾರಿಗೂ ಲೆಕ್ಕ ಸಿಗುವುದಿಲ್ಲ. ಅದಕ್ಕೆ ಓದುವ ಮುಂಚೆ, "ನಿಮ್ಮೂರ ಸಂತೆ ಎರಡು ಕಳೆದವಲ್ಲ, ಅಷ್ಟು ದಿನದ್ದು ಹೇಳಿ" ಅನ್ನುತ್ತೇನೆ. ಪ್ರಶ್ನೆಯನ್ನು ಮಾತ್ರ ಮುಟ್ಟುವುದಿಲ್ಲ.

ಇಷ್ಟೆಲ್ಲ ಸರಿಹೋದ ಮೇಲೂ ಒಂದು ಏಟು ಬಿತ್ತು. ಪಾಂಡವಪುರ ಕಡೆಯ ಒಬ್ಬ ಯಜಮಾನರ ಸ್ಕೋರ್ ಎರಡು ತಿಂಗಳಲ್ಲಿ 58ರಿಂದ 71ಕ್ಕೆ ಏರಿತು. ಐದು ಅಂಕ ಏರಿದರೇ ಲೆಕ್ಕಕ್ಕೆ ಬರುತ್ತದೆ, ಇದು ಹದಿಮೂರು. ನನಗೂ ಖುಷಿ. ಆದರೆ ಅವರು ಚಪ್ಪಲಿ ಬಿಟ್ಟು ತೂಕಕ್ಕೆ ನಿಂತಾಗ ಪಾದದ ಮೇಲೆ ಹವಾಯಿ ಪಟ್ಟಿಯ ಗುರುತು ಗುಳಿ ಬಿದ್ದು ಹಾಗೇ ಉಳಿಯಿತು, ಕಾಲಲ್ಲಿ ನೀರು ತುಂಬಿದ್ದರ ಲಕ್ಷಣ. ಸೊಸೆಯನ್ನು ಪಕ್ಕಕ್ಕೆ ಕರೆದು ಕೇಳಿದೆ. "ಮಾವ ಗದ್ದೆ ಕಡೆ ಹೋಗಿ ತಿಂಗ್ಳಾಯ್ತು ಅಕ್ಕ. ಮಂಚ ಜಗಲಿಗೇ ಹಾಕಿದೀವಿ, ಸ್ನಾನಕ್ಕೂ ನಾನೇ ನೀರು ಹುಯ್ತೀನಿ."

ಬೇಗ ಬೇಗ ನಡೆಯುವ ಪ್ರಶ್ನೆಗೂ ಕೆಲಸದ ಪ್ರಶ್ನೆಗೂ ಅವರು 'ಮಾಡಲೇ ಇಲ್ಲ' ಎಂದಿದ್ದರು. ಆ ಉತ್ತರ ಲೆಕ್ಕಕ್ಕೆ ಸೇರುವುದಿಲ್ಲ, ಉಳಿದವುಗಳ ಸರಾಸರಿ ಬರುತ್ತದೆ. ಅಲುಗಾಡದೆ ಕೂತವರಿಗೆ ಏದುಸಿರೂ ಕಡಿಮೆ. ಕೆಲಸ ಬಿಟ್ಟವರು ವಾಸಿಯಾದವರಂತೆ ಕಾಣುತ್ತಾರೆ! ಇನ್ನೆಷ್ಟು ಜನರದ್ದು ಹೀಗೆ ಆಗಿತ್ತೋ ಎಂದು ಅವತ್ತು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಅಲ್ಲಿಂದ ಒಂದು ನೋಟ್‌ಬುಕ್ ಇಟ್ಟೆ. ಅದು ಫಾರಮ್ಮಿಗೆ ಸೇರಿದ್ದಲ್ಲ. ಪ್ರತಿಯೊಬ್ಬರದೂ ಮೂರು ಸ್ವಂತ ಕೆಲಸ ಬರೆದುಕೊಳ್ಳುತ್ತೇನೆ. ಡೈರಿಗೆ ಹಾಲು ಹಾಕಿ ಬರುವುದು, ಗದ್ದೆಗೆ ನೀರು ಕಟ್ಟುವುದು, ಹೆಂಗಸರಾದರೆ ಮುದ್ದೆಗೆ ಹಿಟ್ಟು ತೊಳಸುವುದು. "ಹಿಟ್ಟಿನ ಕೋಲು ಎಷ್ಟು ಸಲ ಬಿಟ್ಟು ನಿಲ್ತೀರವ್ವ?" ಎಂದರೆ ಸರಿಯಾದ ಉತ್ತರ ಬರುತ್ತದೆ. ಎರಡೂ ತೋಳಿನ ಬಲ ಬೇಕು, ಬಗ್ಗಬೇಕು, ಮುಖಕ್ಕೆ ಬಿಸಿ ಹೊಡೆಯುತ್ತದೆ. ಎಷ್ಟು ಕೆಲಸಕ್ಕೆ ಸುಸ್ತಾಗುತ್ತದೆ ಎಂದು ನಾಲ್ಕು ದರ್ಜೆಯಲ್ಲಿ ಹೇಳುವ ಎನ್‌ವೈಎಚ್‌ಎ ಲೆಕ್ಕದಲ್ಲಿ ದರ್ಜೆ ಎರಡೋ ಮೂರೋ ಎಂದು ಗುದ್ದಾಡುವ ಕಡೆ ಈ ಒಂದು ಪ್ರಶ್ನೆ ನನಗೆ ದಾರಿ ತೋರಿಸಿದೆ. ಕೆಲಸ ಬಿಟ್ಟಿದ್ದರೆ ಯಾಕೆ ಬಿಟ್ಟಿರಿ, ಮಂಡಿಗಾ ಉಸಿರಿಗಾ ಎಂದು ಕೇಳಿ ಬರೆಯಲೇಬೇಕು. ಸ್ಕೋರ್ ಏರಿ ನೋಟ್‌ಬುಕ್ ಇಳಿದರೆ ಫೈಲಿಗೆ ಕೆಂಪು ಚೀಟಿ.

ಇನ್ನೊಂದು ಪ್ರಶ್ನೆ ಇದೆ, ಎಲ್ಲಕ್ಕಿಂತ ಚೆನ್ನಾಗಿ ಹಿಡಿಯುವಂಥದ್ದು. ಅದನ್ನು ಇಲ್ಲಿ ಬರೆಯುವುದಿಲ್ಲ. ಕಾಯಿಲೆಯವರ ಕಿವಿಗೆ ಬಿದ್ದರೆ ಉತ್ತರ ರೆಡಿ ಮಾಡಿಕೊಂಡೇ ಬರುತ್ತಾರೆ.

ಆರು ನಿಮಿಷದಲ್ಲಿ ಎಷ್ಟು ದೂರ ನಡೆಯುತ್ತಾರೆ ಎಂದು ಅಳೆಯುವ ಪರೀಕ್ಷೆಯನ್ನೂ ಬಿಡಲಿಲ್ಲ. ಅದಕ್ಕೆ 30 ಮೀಟರ್ ನೇರ ಜಾಗ ಬೇಕು, ನಮ್ಮ ಕಾರಿಡಾರ್ ಹದಿನಾಲ್ಕೋ ಹದಿನೈದೋ. ತಿರುಗುವುದರಲ್ಲೇ ಸಮಯ ಹೋಗುತ್ತದೆ. ಪಕ್ಕದ ಕಲ್ಯಾಣ ಮಂಟಪದಲ್ಲಿ, ಮುಹೂರ್ತ ಇಲ್ಲದ ದಿನ ಅದೇ ಜನರನ್ನು ನಡೆಸಿದರೆ ಮೂವತ್ತು ನಲವತ್ತು ಮೀಟರ್ ಜಾಸ್ತಿ ಬಂತು. ಮದುವೆ ಸೀಸನ್ನಿನಲ್ಲಿ ಅದೂ ನಿಂತಿತು. ಹೆಜ್ಜೆ ಎಣಿಸುವ ಯಂತ್ರ ಹತ್ತು ತಂದೆ, ಐದು ಸಾವಿರ ನೀರಲ್ಲಿ ಹೋಯಿತು. ಒಂದು ಮೊಮ್ಮಗನ ಸೊಂಟದಲ್ಲಿ ಸಿಕ್ಕಿತು. ಹೃದಯದ ಮೇಲಿನ ಒತ್ತಡ ತೋರಿಸುವ ರಕ್ತ ಪರೀಕ್ಷೆ ಎನ್‌ಟಿ-ಪ್ರೊಬಿಎನ್‌ಪಿಗೆ ಒಂದು ಸಲಕ್ಕೆ ಎರಡು ಸಾವಿರದ ಆಸುಪಾಸು, ತಿಂಗಳು ತಿಂಗಳು ಯಾರು ಕೊಡುತ್ತಾರೆ? ದುಡ್ಡು ಕೈ ಹಿಡಿದದ್ದು ತೂಕದ ಯಂತ್ರದಲ್ಲಿ. ಇಪ್ಪತ್ತು ತಂದು ಮನೆಗೆ ಕೊಟ್ಟೆವು, ಸುಮಾರು ಹದಿಮೂರು ಸಾವಿರ, ಡಾಕ್ಟ್ರದ್ದು ಅರ್ಧ, ನನ್ನದು ಅರ್ಧ. ಮೂರು ದಿನದಲ್ಲಿ ಎರಡು ಕೆಜಿ ಏರಿದರೆ ಮೈಯಲ್ಲಿ ನೀರು ಸೇರುತ್ತಿರಬಹುದು, ಫೋನ್ ಮಾಡಿ ಎಂದಿದ್ದೆ. ಮಾಡುತ್ತಿದ್ದಾರೆ.

ಆ ಪಾಂಡವಪುರದ ಯಜಮಾನರಿಗೆ, ಕಾಲಿನ ಗುಳಿ ಕಂಡ ದಿನವೇ ಡಾಕ್ಟ್ರು ಮೈಯ ನೀರು ಇಳಿಸುವ ಮಾತ್ರೆ ಹೆಚ್ಚಿಸಿದರು. ಅಡ್ಮಿಟ್ ಆಗುವ ಪ್ರಮೇಯ ಬರಲಿಲ್ಲ. ಮುಂದಿನ ಸಲ ಸ್ಕೋರ್ 64ಕ್ಕೆ ಇಳಿಯಿತು, ಮತ್ತೆ ಗದ್ದೆ ಕಡೆ ನಡೆಯತೊಡಗಿದ್ದರಲ್ಲ. ಆ 71ಕ್ಕಿಂತ ನನಗೆ ಈ 64ರ ಮೇಲೇ ನಂಬಿಕೆ. ಹೋದ ವಾರ ಬಂದಾಗ ಬೆಳಗಿನ ಹಾಲು ತಾವೇ ಹಾಕಿ ಬರುತ್ತೇನೆ, ದಾರಿಯಲ್ಲಿ ಅರಳಿಕಟ್ಟೆ ಮೇಲೆ ಒಂದೇ ಸಲ ಕೂರೋದು ಎಂದರು. ಒಂದೇ ಸಲವಾ ಎಂದು ಸೊಸೆಯನ್ನು ಕೇಳಿದೆ. "ಎರಡು ಸಲ ಅಕ್ಕ." ಎರಡು ಎಂದೇ ಬರೆದುಕೊಂಡೆ.