ಹಳೇ ರೋಡ್ ಸೈಕಲ್ ತಗೊಂಡೋರು ಮೊದ್ಲು ಚೈನ್ ಅಳೀರಿ

ಸೆಕೆಂಡ್ ಹ್ಯಾಂಡ್ ರೋಡ್ ಸೈಕಲ್ ತಂದ ತಕ್ಷಣ ಪೇಂಟ್ ಹೊಡ್ಸೋಕೆ ಹೋಗ್ಬೇಡಿ, ಮೊದ್ಲು ಸ್ಕೇಲ್ ತಗೊಂಡು ಚೈನ್ ಅಳೀರಿ. ಒಂದು ಪಿನ್ ಮಧ್ಯಕ್ಕೆ ಸೊನ್ನೆ ಇಟ್ರೆ 12 ಇಂಚಿನ ಗೆರೆ ಇನ್ನೊಂದು ಪಿನ್ ಮಧ್ಯಕ್ಕೇ ಬರ್ಬೇಕು, 1/16 ಇಂಚು ಆಚೆ ಹೋಗಿದ್ರೆ ಚೈನ್ ಬದಲಾಯಿಸ್ಬಿಡಿ, 1/8 ದಾಟಿದ್ರೆ ಹಿಂದಿನ ಚಕ್ರದಲ್ಲಿ ಚೈನ್ ಕೂರೋ ಹಲ್ಲುಗಳೂ ಸವೆದಿರುತ್ತೆ, ಹೊಸ ಚೈನ್ ಹಾಕಿದ್ರೂ ತುಳಿದಾಗ ಜಾರುತ್ತೆ.

ಟೈರ್ ವಿಷ್ಯದಲ್ಲಿ ತುಂಬಾ ಹುಷಾರು. ಹಳೇ ಟೈರ್ ಪಕ್ಕದಲ್ಲಿ ಬರೆದಿರೋ ಅಳತೆ (ಟೈರ್ ರಿಮ್ ಮೇಲೆ ಕೂರೋ ಕಡೆಯ ವ್ಯಾಸ, ಮಿ.ಮೀ. ಲೆಕ್ಕ) 622 ಇದ್ಯೋ 630 ಇದ್ಯೋ ನೋಡ್ಕೊಳ್ಳಿ, 700ಸಿ ಅನ್ನೋ ಸೈಜ್ ಅಂದ್ರೆ 622, 27 ಇಂಚು ಅಂದ್ರೆ 630, ಒಂದು ಇನ್ನೊಂದಕ್ಕೆ ಕೂರಲ್ಲ, ನಾನು ನೋಡ್ದೆ ತಂದು ದುಡ್ಡು ಕಳ್ಕೊಂಡಿದೀನಿ.

ಕ್ರೋಮ್ ಮೇಲಿನ ತುಕ್ಕಿಗೆ ಚಪಾತಿ ಸುತ್ತೋ ಫಾಯಿಲ್ ಸಾಕು, ಉಂಡೆ ಮಾಡಿ ನೀರಲ್ಲಿ ಅದ್ದಿ ಉಜ್ಜಿ, ಕಪ್ಪು ನೀರು ಇಳಿದು ಹೊಳಪು ಬರುತ್ತೆ. ಉಳಿದ ದುಡ್ಡು ಬ್ರೇಕ್ ರಬ್ಬರ್‌ಗೆ, ಕೇಬಲ್‌ಗೆ ಹಾಕಿ.