ಸಾಹುಕಾರರ ಮನೆ ಮ್ಯೂಸಿಯಂ ಆಗಬೇಕೇ? ಮೊದಲು ಕಿರ್ದಿ ಗಂಟು ಬಿಚ್ಚಿ

ದಾವಣಗೆರೆಯ ಮಂಡಿಪೇಟೆ ಕಡೆ ಹಳೇ ಸಾಹುಕಾರರ ಮನೆ ಖಾಲಿ ಬಿದ್ದಿದ್ದರೆ, ಮನೆಯವರಿಗೆ ಮೊದಲು ಹೊಳೆಯುವುದು ಬಣ್ಣ ಹೊಡೆಸುವುದು. ಸ್ವಲ್ಪ ತಡೆಯಿರಿ. ಒಂದು ನೋಟ್‌ಬುಕ್ಕು, ಪೆನ್ಸಿಲ್ಲು, ಮೊಬೈಲು ಹಿಡಿದು ಒಳಗೆ ಹೋಗಿ.

ಯಾವುದನ್ನೂ ಜಾಗದಿಂದ ಎತ್ತಬೇಡಿ. ಪಡಸಾಲೆ, ದೇವರಮನೆ, ಅಟ್ಟ, ಕಾಳು ತುಂಬಿಡುವ ಹಗೇವು ಎಲ್ಲವನ್ನೂ ಇದ್ದದ್ದು ಇದ್ದಂತೆ ಫೋಟೊ ತೆಗೆಯಿರಿ. ತಕ್ಕಡಿ ಗಾದಿಯ ಎಡಕ್ಕಿತ್ತೋ ಬಲಕ್ಕಿತ್ತೋ ಎಂಬುದೂ ಮುಂದೆ ಬೇಕಾಗುತ್ತದೆ. ಆಮೇಲೆ ಒಂದೊಂದಕ್ಕೂ ನಂಬರ್ ಕೊಡಿ. ಕಾಗದಕ್ಕೆ ಪೆನ್ಸಿಲ್ಲಿನಲ್ಲೇ ಬರೆಯಿರಿ, ಉಳಿದವಕ್ಕೆ ದಾರದಲ್ಲಿ ಚೀಟಿ ಕಟ್ಟಿ. ಅಳತೆ, ಸಿಕ್ಕ ಜಾಗ ನೋಟ್‌ಬುಕ್ಕಿಗೆ.

ಇನ್ನು ಕೆಂಪು ಬಟ್ಟೆಯಲ್ಲಿ ಕಟ್ಟಿಟ್ಟ ಕಿರ್ದಿ, ಅಂದರೆ ದಿನದ ಲೆಕ್ಕದ ಪುಸ್ತಕಗಳ ಗಂಟು. ಜನ ತಿಜೋರಿ ನೋಡಲು ಬರುತ್ತಾರೆ ಅಂದುಕೊಳ್ಳುತ್ತೇವೆ, ಅಲ್ವಾ? ನನ್ನ ಕೇಳಿದರೆ ಮನೆಯ ಕತೆ ಇರುವುದು ಕಿರ್ದಿಯಲ್ಲಿ. ಯಾರಿಗೆ ಎಷ್ಟು ಹತ್ತಿ, ಯಾವ ಊರಿನ ಗಾಡಿ, ಮಗಳ ಮದುವೆಗೆ ಎಷ್ಟು ಬೆಲ್ಲ, ಎಲ್ಲ ಅಲ್ಲೇ ಸಿಗುತ್ತದೆ. ಇಸವಿ ಹರಿದು ಹೋಗಿದೆಯೇ? ಲೆಕ್ಕವನ್ನೇ ನೋಡಿ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ ಇದ್ದರೆ ಅದು ಹೆಚ್ಚುಕಮ್ಮಿ 1957ರ ಏಪ್ರಿಲ್‌ಗಿಂತ ಹಿಂದಿನದು. ನಯಾಪೈಸೆ ಬಂದದ್ದು ಆಗ. ಆಣೆ ಲೆಕ್ಕ ಬಿಡದ ಹಳಬರೂ ಇದ್ದರು. ಹಾಗಾಗಿ ಸೇರು, ಮಣ ಹೋಗಿ ಕಿಲೋ ಬಂದಿದೆಯಾ ಅಂತಲೂ ನೋಡಿ. ಮೊದಲ ಪುಟದ ಅರಿಶಿನ ಕುಂಕುಮ ಒರೆಸಬೇಡಿ, ಅದು ದೀಪಾವಳಿ ಲಕ್ಷ್ಮೀಪೂಜೆಯ ಗುರುತು. ಹರಿದ ಹಾಳೆಗೆ ಸೆಲ್ಲೋಟೇಪ್ ಬೇಡ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಟೇಪಿನ ಅಂಟು ಹಳದಿಯಾಗಿ ಕಾಗದವೇ ಹಾಳಾಗುತ್ತದೆ. ಒಗೆದು ಒಣಗಿಸಿದ, ಗಂಜಿ ಹಾಕದ ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ, ಗೋಡೆಗೆ ತಾಗದಂತೆ ಇಡಿ.

ನೂರು ವರ್ಷ ದಾಟಿದ ವಿಗ್ರಹ, ಚಿತ್ರಪಟ ಸಿಕ್ಕರೆ 1972ರ ಪ್ರಾಚ್ಯವಸ್ತು ಕಾಯ್ದೆಯಡಿ ನೋಂದಣಿ ಮಾಡಿಸಿ.

ಗೋಡೆ ಬಿರುಕಿಗೆ ಸುಣ್ಣದ ಗಾರೆಯನ್ನೇ ಹಾಕಿಸಿ. ಹಳೇ ಗೋಡೆಯ ತೇವವನ್ನು ಗಾರೆ ಹೊರಗೆ ಬಿಡುತ್ತದೆ, ಸಿಮೆಂಟು ಬಿಡುವುದಿಲ್ಲ. ನಮ್ಮ ನೆಂಟರೊಬ್ಬರು ಸಿಮೆಂಟ್ ಮೆತ್ತಿಸಿದರು. ಎರಡನೇ ಮಳೆಗಾಲಕ್ಕೇ ಗೋಡೆ ಉಬ್ಬಿ, ಹಕ್ಕಳೆ ಹಕ್ಕಳೆಯಾಗಿ ಉದುರಿತು. ತೊಲೆ, ಕಂಬಗಳ ಬುಡದಲ್ಲಿ ಗೆದ್ದಲು ಇದೆಯಾ ಅಂತ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಬಡಗಿಯನ್ನು ಕರೆಸಿ.

ಇಡೀ ಮನೆ ಒಮ್ಮೆಗೇ ತೆರೆಯುವ ಹಟ ಬೇಡ. ಮೊದಲು ಲೆಕ್ಕದ ಕೋಣೆಯೊಂದೇ ಸಾಕು. ಹಳೇ ಗುಮಾಸ್ತರು, ಹಮಾಲರು ಊರಲ್ಲಿದ್ದರೆ ಅವರನ್ನೇ ಮೊದಲು ಕರೆಯಿರಿ. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತರಿಸಿ, ಕಿರ್ದಿ ಮುಂದಿಟ್ಟು, ಫೋನಿನಲ್ಲಿ ರೆಕಾರ್ಡಿಂಗ್ ಒತ್ತಿ. ಎಣ್ಣೆ ಕೈಯಲ್ಲಿ ಹಾಳೆ ಮುಟ್ಟದಂತೆ ಮಾತ್ರ ನೋಡಿಕೊಳ್ಳಿ.